ಪೆನ್ಸಿಲ್ ಗೆರೆಯಿಂದ ಒಂದು ಬೆರಳು ಕೆಳಗೆ

ದಾನಮ್ಮ ಹಾಕಿದ ಬಚ್ಚಲು ಸೋರುತ್ತದೆ ಎಂದು ಐರೋಲಿಯ ಒಂದು ಸೊಸೈಟಿಯ ಸೆಕ್ರೆಟರಿ ನನ್ನ ಎದುರಿಗೇ ಹೇಳಿದ. ಅವತ್ತು ನನ್ನ ಕೈಯಲ್ಲಿ ಪೈಪ್ ಬಿಗಿಯುವ ದೊಡ್ಡ ಕಬ್ಬಿಣದ ಪಾನಾ ಇತ್ತು. ಅದನ್ನು ನೆಲಕ್ಕೆ ಒಗೆದೆ, ಅವನ ಕಡೆಗೆ ಒಗೆಯಲಿಲ್ಲ. ಒಗೆಯದೇ ಇದ್ದದ್ದು ನನ್ನ ಒಳ್ಳೆಯತನ ಅಂತ ಯಾರೂ ತಿಳಿಯಬೇಡಿ. ದಾನಮ್ಮ ನನ್ನ ಮೊಣಕೈ ಹಿಡಿದಿದ್ದಳು.

ಆಕೆ ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ನಾವು ದುಡಿಯಲಿಕ್ಕೆ ಬಂದ ಈ ಮರಾಠಿ ಸೀಮೆಯಲ್ಲಿ ಇಪ್ಪತ್ತು ವರ್ಷದಿಂದ ಆಕೆಯ ಕೆಲಸದ ಮೇಲೆ ನಿಂತು ಮೈತೊಳೆದುಕೊಳ್ಳುವವರು ಸಾವಿರ ಜನ ಇದ್ದಾರೆ. ಆಕೆಯ ಹೆಸರು ಗೊತ್ತಿರುವವರು ಹತ್ತು ಜನ ಸಿಗಲಿಕ್ಕಿಲ್ಲ. ನನಗೆ ಸಿಟ್ಟು ಬರುವುದು ಅಲ್ಲಿಂದಲೇ.

ದಾನಮ್ಮ ಚಿತ್ತಾಪುರದ ಕಡೆಯವಳು, ಕಲಬುರಗಿ ಜಿಲ್ಲೆ. ಗಂಡ ಸೈದಪ್ಪ ತುರ್ಭೆಯ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಾನೆ. ಇಬ್ಬರೂ ಹೊಸದಾಗಿ ಬಂದಾಗ ಖಾರಘರದಲ್ಲಿ ಗುಡ್ಡ, ಹುಲ್ಲು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಈಗ ಅಲ್ಲಿ ತಲೆ ಎತ್ತಿ ನೋಡುವ ಬಿಲ್ಡಿಂಗುಗಳಲ್ಲಿ ಎಷ್ಟಕ್ಕೆ ಆಕೆ ತಲೆಯ ಮೇಲೆ ಮಾಲು ಹೊತ್ತು ಹತ್ತಿದ್ದಾಳೆ ಅನ್ನುವುದು ಆಕೆಗೇ ನೆನಪಿಲ್ಲ. ಮಾಲು ಅಂದರೆ ಕಲಸಿದ ಸಿಮೆಂಟು. ಒಂದು ಬುಟ್ಟಿ ಹೊತ್ತು ಏಳು ಮಹಡಿ ಹತ್ತಿದವರಿಗೆ ಗೊತ್ತು ಅದರ ಭಾರ.

ಬಚ್ಚಲು ಸೋರದ ಹಾಗೆ ನೆಲ ಕಟ್ಟುವ ಕೆಲಸಕ್ಕೆ ಇಲ್ಲಿ ಕೋಬಾ ಅನ್ನುತ್ತಾರೆ. ಇಟ್ಟಿಗೆ ಒಡೆದು, ತುಂಡು ನೆನೆಸಿ, ಒಂದಕ್ಕೊಂದು ಒತ್ತಿ ನಿಲ್ಲಿಸಿ, ಸಂದಿಯಲ್ಲಿ ಮಾಲು ತುಂಬಿ, ಮೇಲೆ ಸಿಮೆಂಟಿನ ಗಂಜಿ ಎಳೆಯುವುದು. ಹೇಳಲಿಕ್ಕೆ ಎರಡು ಸಾಲು, ಮಾಡಲಿಕ್ಕೆ ಮೊಣಕಾಲು ಬೇಕು. ದಾನಮ್ಮ ಇದನ್ನು ಯಾರ ಹತ್ತಿರವೂ ಕುಳಿತು ಕಲಿಯಲಿಲ್ಲ. ಆಕೆಯ ಮೇಸ್ತ್ರಿ ಊಟಕ್ಕೆ ಹೋದರೆ ಎರಡು ತಾಸು ಬರುತ್ತಿರಲಿಲ್ಲವಂತೆ. ಕಲಸಿದ ಮಾಲು ಗಟ್ಟಿಯಾಗಿ ಹಾಳಾಗುತ್ತದಲ್ಲ ಅನ್ನುವ ಸಂಕಟಕ್ಕೆ ಇವಳೇ ಕುಳಿತು ಮುಗಿಸುತ್ತಿದ್ದಳು. ಮೇಸ್ತ್ರಿ ಬಂದು ನೋಡಿ, ಮೀಸೆ ಒರೆಸಿಕೊಂಡು, ಕಂಟ್ರಾಕ್ಟರಿಗೆ "ಆಯ್ತು ಸಾಹೇಬ್, ನಾನು ಹಾಕಿದೆ" ಅನ್ನುತ್ತಿದ್ದ. ಹೀಗೆ ವರ್ಷಗಟ್ಟಲೆ ನಡೆಯಿತು. ನೆಲ ಒಣಗಿದ್ದರೆ ಅದು ಮೇಸ್ತ್ರಿಯ ಕೆಲಸ. ಎಲ್ಲಿಯಾದರೂ ಹನಿ ಬಿದ್ದರೆ, "ಆ ಹೆಂಗಸು ಕಲಸಿದ ಮಾಲು ಸರಿ ಇರಲಿಲ್ಲ."

ನಾನು ಆಕೆಯನ್ನು ಮೊದಲು ಕಂಡದ್ದೂ ಜಗಳದಲ್ಲೇ. ಖಾರಘರದಲ್ಲಿ ಒಂದು ಸೈಟು. ನಾನು ಸಿದ್ದಪ್ಪ, ಪ್ಲಂಬರ್, ಇಂಡಿ ತಾಲೂಕಿನವ, ಐದನೆಯ ಇಯತ್ತೆಗೆ ಶಾಲೆ ಬಿಟ್ಟವ. ಒಂದು ಪೈಪ್ ಹಾಕುವುದು ಮರೆತಿದ್ದೆ. ಆಕೆ ಹಿಂದಿನ ದಿನ ಮುಗಿಸಿದ್ದ ನೆಲಕ್ಕೆ ಛಣಿ ಇಟ್ಟು ಹೊಡೆದೆ, ಪೈಪ್ ಕೂರಿಸಿದೆ, ಮೇಲೆ ಒಂದಿಷ್ಟು ಸಿಮೆಂಟು ಬಳಿದೆ. ಆಕೆ ಬಂದು ನೋಡಿದಳು. ಒದರಲಿಲ್ಲ. ನನ್ನ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು.

"ಅಣ್ಣಾ, ನಿನ್ನ ಪೈಪಿನ ಸಲುವಾಗಿ ನನ್ನ ನೆಲದ ಹೊಟ್ಟಿ ಸೀಳದಿ. ಈಗ ನೀ ಹೊಲೀತಿ ಏನ್, ನಾ ಹೊಲೀಲಿ?"

"ಸಿಮೆಂಟ್ ಹಾಕೀನಲ್ಲ!"

"ಹರಕ ಸೀರಿಗಿ ಅಂಟು ಹಚ್ಚಿದಂಗ ಹಚ್ಚೀದಿ. ಸರಿ ಅತ್ಲಾಗ."

ಇಡೀ ನೆಲ ಎಬ್ಬಿಸಿ ಮತ್ತೆ ಹಾಕಿದಳು. ನನ್ನ ಕೈಯಿಂದಲೇ ಇಟ್ಟಿಗೆ ಹೊರಿಸಿದಳು. ಅವತ್ತು ಅವಳ ಕೆಲಸ ನೋಡಿದೆ. ಎಲ್ಲ ಮುಗಿದು ಗಟ್ಟಿಯಾದ ಮೇಲೆ ಮೂಲೆಯಲ್ಲಿ ಒಂದು ಚೊಂಬು ನೀರು ಸುರಿದು ಕಣ್ಣು ಮುಚ್ಚಿ ಕೂರುತ್ತಾಳೆ. ನೀರು ಹರಿದು ಹೊರಹೋಗುವ ತೂತಿನ ಜಾಲಿಗೆ ಬೀಳುವ ಸದ್ದು ಕೇಳುತ್ತಾಳೆ. ಸದ್ದು ನಿಂತ ಮೇಲೆ ಅಂಗೈಯಿಂದ ನೆಲವನ್ನೆಲ್ಲ ಸವರುತ್ತಾಳೆ. ಎಲ್ಲಿ ನೀರು ನಿಂತಿದೆಯೋ ಅಲ್ಲಿ ಕೆತ್ತಿ ಮತ್ತೆ ಎಳೆಯುತ್ತಾಳೆ. ನಾನು ನೋಡಿದ ಮಟ್ಟಿಗೆ ಎಂಥೆಂಥ ಇಂಜಿನಿಯರುಗಳ ಮಟ್ಟಗೋಲು ತಪ್ಪಿದೆ, ಆಕೆಯ ಅಂಗೈ ತಪ್ಪಿಲ್ಲ. ಅಂದಿನಿಂದ ನಾನು ಬಚ್ಚಲಿನ ಕೆಲಸ ಹಿಡಿದರೆ ನೆಲ ದಾನಮ್ಮನದೇ.

ಆದರೆ ಕಾಗದದ ಮೇಲೆ ಯಾವತ್ತೂ ಬೇರೆಯವರ ಹೆಸರು. ಒಮ್ಮೆ ಕಂಟ್ರಾಕ್ಟರಿನದು, ಒಮ್ಮೆ ನನ್ನದು. ನನ್ನದೂ ಅಂತ ಹೇಳಲಿಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಈ ಸಲ ಐರೋಲಿಯಲ್ಲಿ ಕೆಲಸ ಬಂತು. ನಮ್ಮ ವಿಜಯಪುರ ಕಡೆಯ ಶಿವರಾಜ, ಅಲ್ಲೇ ಒಂದು ಕಂಪನಿಯಲ್ಲಿ ಲೆಕ್ಕ ಬರೆಯುವವ. ಹಳೆಯ ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿ ಮನೆ. ಹೆಂಡತಿ, ತಾಯಿ ಕಲ್ಲವ್ವ, ತಾನು. ಎರಡು ಬಚ್ಚಲಿನಲ್ಲಿ ಒಂದನ್ನು ಒಡೆದು ಹೊಸದು ಮಾಡುವುದು. ಆ ಸೊಸೈಟಿಯಲ್ಲಿ ಮೂರು ಬಿಲ್ಡಿಂಗು, ನಲವತ್ತೆಂಟು ಮನೆ, ಎಲ್ಲ ಮೂವತ್ತು ವರ್ಷ ಹಳೆಯವು. ಎಲ್ಲರ ಬಚ್ಚಲೂ ಇವತ್ತಲ್ಲ ನಾಳೆ ಒಡೆಯಲೇಬೇಕು.

ಸೆಕ್ರೆಟರಿ ಲೀಲಾಧರ ಮಂಗಳೂರು ಕಡೆಯವರು, ಬ್ಯಾಂಕಿನಿಂದ ನಿವೃತ್ತಿ. ಕೊರಳಲ್ಲಿ ದಾರ ಕಟ್ಟಿದ ಕನ್ನಡಕ, ಕಿಸೆಯಲ್ಲಿ ಸ್ಟೀಲಿನ ಅಳತೆ ಪಟ್ಟಿ. ನಾವು ಎರಡು ಮಾತಿಗೆ ಮುಗಿಸುವುದನ್ನು ಅವರು ಹತ್ತು ರೂಲಿನಲ್ಲಿ ಮುಗಿಸುವುದಿಲ್ಲ. ಹತ್ತಕ್ಕೆ ಮೊದಲು ಸುತ್ತಿಗೆ ಇಲ್ಲ, ಒಂದರಿಂದ ನಾಲ್ಕರವರೆಗೆ ಸುತ್ತಿಗೆ ಇಲ್ಲ, ರಾಡಿ ಮೆಟ್ಟಿಲ ಮೇಲೆ ಬೀಳುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ರೂಲು ಇದು: ಟೈಲ್ಸ್ ಹಾಕುವ ಮೊದಲು ನೆಲದ ಮೇಲೆ ನಾಲ್ಕು ಇಂಚು ನೀರು ಎರಡು ದಿನ ನಿಲ್ಲಿಸಬೇಕು. ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದು ಅವರು ಸಹಿ ಹಾಕುತ್ತಾರೆ. ಎರಡು ದಿನದ ಮೇಲೆ ನೀರು ಗೆರೆಯಲ್ಲೇ ಇರಬೇಕು, ಕೆಳಗಿನ ಮನೆಯ ತಾರಸಿ ಒಣಗಿರಬೇಕು. ಇಲ್ಲದಿದ್ದರೆ ಅಷ್ಟೂ ನೆಲ ಒಡೆಯಬೇಕು. ಹಾಕಿದ ಮೇಸ್ತ್ರಿಗೆ ಆ ಮೂರೂ ಬಿಲ್ಡಿಂಗಿನ ಗೇಟು ಬಂದ್. ಪಾಸಾದರೆ ಮೇಸ್ತ್ರಿಯ ಹೆಸರು ಗೇಟಿನ ಪಟ್ಟಿಗೆ ಸೇರುತ್ತದೆ, ಉಳಿದ ಮನೆಯವರೂ ಆ ಪಟ್ಟಿಯಿಂದಲೇ ಕರೆಯಬೇಕು.

ಕೆಲಸಕ್ಕೆ ಮೊದಲು ತುಂಬುವ ಫಾರ್ಮಿನಲ್ಲಿ ಮೇಸ್ತ್ರಿಯ ಹೆಸರಿನ ಖಾನೆ ಬಂತು. ನಾನು 'ದಾನಮ್ಮ' ಅಂತ ಬರೆದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ.

ಲೀಲಾಧರ ಕನ್ನಡಕ ಏರಿಸಿದರು. "ಎಂತ ಮಾರಾಯ್ರೆ, ಹೆಂಗಸು ಮೇಸ್ತ್ರಿಯಾ? ತಮಾಷೆ ಮಾಡುದಾ ನೀವು?"

"ತಮಾಷಿ ನಾ ಹೆಂಡ್ತಿ ಜೋಡಿ ಮಾಡ್ತೀನ್ರೀ, ಫಾರ್ಮಿನ ಮ್ಯಾಲ ಅಲ್ಲ."

"ಹೌದಾ? ಒಳ್ಳೇದಾಯ್ತು. ಸೋರಿದ್ರೆ ಗೇಟು ಬಂದ್ ಆಗುದು ಇವರಿಗೆ. ನಿಮಗಲ್ಲ. ಗೊತ್ತುಂಟಲ್ಲ?"

ದಾನಮ್ಮ ಬಾಗಿಲ ಹತ್ತಿರ ನಿಂತು ಸೆರಗಿನಿಂದ ಕೈ ಒರೆಸುತ್ತಿದ್ದಳು. "ಗೊತ್ತದ ಬಿಡ್ರಿ," ಅಂದಳು. ಆದರೆ ಹೊರಗೆ ಬಂದ ಮೇಲೆ ನನ್ನನ್ನು ಕೇಳಿದಳು, "ನನ್ನ ಹೆಸರು ಪೂರಾ ಬರದಿ ಏನಣ್ಣಾ? ತಪ್ಪಿಲ್ಲದಂಗ?"

ನೆಲ ಹಾಕಲಿಕ್ಕೆ ಐದು ದಿನ ತಗೊಂಡಳು. ಮೂರು ದಿನ ಸಾಕಿತ್ತು. ಒಂದೊಂದು ಇಟ್ಟಿಗೆ ತುಂಡನ್ನೂ ಬಾರಿಸಿ ನೋಡಿ ಇಟ್ಟಳು. ಶನಿವಾರ ಹತ್ತು ಗಂಟೆಗೆ ಜಾಲಿಯ ಬಾಯಿಗೆ ಮಣ್ಣು ತುಂಬಿದ ಚೀಲ ಒತ್ತಿ ಬಿಗಿದೆವು, ನೀರು ತುಂಬಿದೆವು. ನಾಲ್ಕು ಅಡಿಗೆ ಆರು ಅಡಿಯ ಬಚ್ಚಲು, ಕೆರೆಯ ಹಾಗೆ ನಿಂತಿತು. ಲೀಲಾಧರ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದರು. ದಾನಮ್ಮ ಬಾಗಿಲಿಗೆ ಅಡ್ಡ ಸುತಳಿ ಕಟ್ಟಿ ಮನೆಯವರಿಗೆಲ್ಲ ಕೈಮುಗಿದು ಹೇಳಿದಳು, "ಸೋಮವಾರ ಮುಂಜಾನಿ ತನಕ ಯಾರೂ ಒಳಗ ಕಾಲಿಡಬ್ಯಾಡ್ರಿ."

ಕಲ್ಲವ್ವ ನೀರನ್ನು ಬಗ್ಗಿ ನೋಡಿ, "ಇಷ್ಟ ನೀರ ಆಮ್ಯಾಲ ಏನ್ ಮಾಡ್ತೀರೋ?" ಅಂತ ಕೇಳಿದಳು.

"ಮೋರಿಗಿ ಬಿಡ್ತೀವಿ, ಆಯೀ," ಅಂದೆ ನಾನು. ಹಾಗೆ ಹೇಳಿದ ಬಾಯಿಗೆ ಹೊಡಕೊಳ್ಳಬೇಕು.

ಸೋಮವಾರ ಹತ್ತಕ್ಕೆ ಎಲ್ಲರೂ ಸೇರಿದೆವು. ನೀರು ಗೆರೆಯಿಂದ ಒಂದು ಬೆರಳು ಕೆಳಗಿತ್ತು.

ನಾನು ಕಣ್ಣು ತಿಕ್ಕಿಕೊಂಡೆ. ಲೀಲಾಧರ ಪಟ್ಟಿ ಇಳಿಸಿ ಅಳೆದರು. ಮುಕ್ಕಾಲು ಇಂಚು. ಕೆಳಗಿನ ಮನೆಗೆ ಓಡಿದೆವು. ಅಲ್ಲಿ ಮುಕ್ತಾ ಅನ್ನುವ ಮರಾಠಿ ಹೆಂಗಸು ಸ್ಟೂಲು ಹಾಕಿ ಹತ್ತಿ, ತಾರಸಿ ಮುಟ್ಟಿ ನೋಡಿ, "ಕೋರಡಂಚ ಆಹೆ, ಕಾಹೀ ನಾಹೀ" ಅಂದಳು. ಒಣಗೇ ಇದೆ, ಏನೂ ಇಲ್ಲ.

"ನೋಡ್ರಿ! ಒಂದ ಹನಿ ಇಲ್ಲ!" ಅಂದೆ.

"ಕೆಳಗೆ ಬರ್ಲಿಲ್ಲ ಅಂದ್ರೆ ಸ್ಲ್ಯಾಬಿನ ಒಳಗೆ ಕೂತುಂಟು ಅಂತ ಅರ್ಥ," ಅಂದರು ಲೀಲಾಧರ. "ನನ್ನ ಮಂಚದ ಮೇಲೆ ಎರಡು ವರ್ಷ ಬಿತ್ತು ಮಾರಾಯ್ರೆ ಮೇಲಿನ ಮನೆ ನೀರು. ಅದೂ ಮೊದಲ ತಿಂಗಳು ಕಾಣ್ಲಿಲ್ಲ. ಆಗಲೂ ಒಬ್ಬ ಪ್ಲಂಬರ್ ನಿಮ್ಮ ಹಾಗೇ ಬೊಬ್ಬೆ ಹೊಡೆದಿದ್ದ."

"ಬಿಸಲಿಗೆ ಆರಿರಬೇಕ್ರೀ."

"ಬಾಗಿಲು ಹಾಕಿದ ಬಚ್ಚಲಿಗೆ ಯಾವ ಬಿಸಿಲು? ಸೂರ್ಯ ಕಮೋಡಿನಿಂದ ಹುಟ್ಟಿದನಾ?"

ಶಿವರಾಜ ನಕ್ಕ. ತನ್ನ ಮನೆಯ ಬಚ್ಚಲು ಅದು, ನಗುತ್ತಾನೆ! ಆಗಲೇ ಲೀಲಾಧರ ಹೇಳಿದ್ದು, "ಈ ಹೆಂಗಸು ಹಾಕಿದ ನೆಲ ಸೋರ್ತದೆ. ನಾಲ್ಕು ಗಂಟೆಗೆ ನಾನೇ ಬಂದು ನಿಲ್ತೇನೆ. ಒಡೆಸಿ." ನನ್ನ ಪಾನಾ ನೆಲಕ್ಕೆ ಬಿದ್ದದ್ದೂ ಆಗಲೇ. ಹೊಸ ಟೈಲ್ಸಿನ ಡಬ್ಬಿಯ ಮೇಲೆ ಬಿದ್ದು ಎರಡು ಟೈಲ್ಸ್ ಒಡೆದವು. ಅದು ಬೇರೆ.

ಎಲ್ಲರೂ ಹೋದ ಮೇಲೆ ದಾನಮ್ಮ ಬಚ್ಚಲಿನ ಹೊಸ್ತಿಲ ಮೇಲೆ ಕುಳಿತಳು. ನೀರಿನಲ್ಲಿ ಕೈಯಿಟ್ಟು ಮೂಲೆ ಮೂಲೆ ತಡವಿದಳು. ಮಣ್ಣಿನ ಚೀಲ ಒತ್ತಿ ನೋಡಿದಳು. ಎಲ್ಲಿಯೂ ಒಂದು ಗುಳ್ಳೆ ಏಳಲಿಲ್ಲ.

"ನಾನೇ ಎಲ್ಲ್ಯೋ ತಪ್ಪೀನಿ ಅಣ್ಣಾ," ಅಂದಳು.

ಲೀಲಾಧರರ ಮಾತಿಗಿಂತ ಆ ಮಾತು ನನ್ನ ಎದೆಗೆ ಒದ್ದಿತು. "ಬಾಯಿ ಮುಚ್ಚು!" ಅಂದೆ. "ಇಪ್ಪತ್ತ ವರ್ಷ ತಪ್ಪಲಾರದಾಕಿ, ಹೆಸರ ಬರದ ಕೂಡ್ಲೇ ತಪ್ಪತೀಯೇನ?"

"ಹೆಸರಿನ ಮ್ಯಾಲ ಲಕ್ಷ್ಯ ಹೋಗ್ಯಾದ. ನೆಲದ ಮ್ಯಾಲಿಂದ ತಪ್ಯಾದ."

ಏನು ಹೇಳಬೇಕು ಇದಕ್ಕೆ? ಒಳ್ಳೆಯ ಕೆಲಸಗಾರರಿಗೆ ಇದೊಂದು ರೋಗ. ಇನ್ನೊಬ್ಬರು ತಪ್ಪು ಅಂದ ತಕ್ಷಣ ತಮ್ಮ ಕೈ ತಾವೇ ನೋಡಿಕೊಳ್ಳುತ್ತಾರೆ. ಕೆಟ್ಟ ಕೆಲಸದವರು ನೋಡಿ, ಬಿಲ್ಡಿಂಗು ಬಿದ್ದರೂ ಭೂಕಂಪಕ್ಕೆ ಬೈಯುತ್ತಾರೆ.

ಗಾಳಿಗೆ ನಿಲ್ಲಲಿಕ್ಕೆಂದು ಆಕೆ ಗ್ಯಾಲರಿಗೆ ಹೋದಳು. ನಾನೂ ಹಿಂದೆ ಹೋದೆ. ಅಲ್ಲಿ ಹಗ್ಗದ ಮೇಲೆ ಎರಡು ಕೌದಿ, ನಮ್ಮ ಕಡೆಯ ಹಳೆಯ ಸೀರೆ ತುಂಡು ಕೂಡಿಸಿ ಹೊಲಿದವು. ಬೀದಿಯ ಕಡೆಗೆ ಕಾಣದ ಹಾಗೆ ಮುಂದೆ ಒಂದು ಚಾದರ ಹಾಕಿತ್ತು. ನನಗೆ ಕಂಡದ್ದು ಕೌದಿ ಮಾತ್ರ. ದಾನಮ್ಮ ಅದರ ಕಪ್ಪು ತುಂಡಿನ ಮೇಲೆ ಬೆರಳು ಎಳೆದಳು, ಬೆರಳಿಗೆ ಬೂದಿಯಂಥ ಬಿಳಿ ಪುಡಿ ಹತ್ತಿತು. ನಾಲಿಗೆಯ ತುದಿಗೆ ಹಚ್ಚಿಕೊಂಡಳು. ಉಗುಳಿದಳು.

"ನಿನ್ನೆ ಇಲ್ಲಿ ನಳ ಬಂದಿತ್ತೇನಣ್ಣಾ?"

"ಎಲ್ಲೀದು? ಪೈಪ್ ರಿಪೇರಿ, ಇಡೀ ದಿನ ನೀರಿಲ್ಲಂತ ಮೆಟ್ಟಲದಾಗ ಬೋರ್ಡ್ ಹಾಕ್ಯಾರಲ್ಲ."

ಆಕೆ ನೆಟ್ಟಗೆ ಅಡುಗೆಮನೆಗೆ ಹೋದಳು. ಕಲ್ಲವ್ವ ನೆಲದ ಮೇಲೆ ಕುಳಿತು ಮೆಂತೆ ಪಲ್ಲೆ ಬಿಡಿಸುತ್ತಿದ್ದಳು. ದಾನಮ್ಮ ಪಕ್ಕದಲ್ಲಿ ಕುಳಿತು ಮುದುಕಿಯ ಕೈ ಹಿಡಿದು ಅಂಗೈ ಮೇಲೆ ಮಾಡಿದಳು. ಚರ್ಮ ಬಿಳಿಚಿ ಬಿರಿದಿತ್ತು. ಹೊಸ ಸಿಮೆಂಟಿನ ಮೇಲೆ ನಿಂತ ನೀರು ಕೈ ತಿನ್ನುತ್ತದೆ. ಬಟ್ಟೆಗೆ ಬಿಳಿ ಹಿಡಿಸುತ್ತದೆ. ದಾನಮ್ಮನ ಸೀರೆಗಳೆಲ್ಲ ಹಾಗೇ ಇವೆ, ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಾನು ಬಾಗಿಲ ಹಿಂದೆಯೇ ನಿಂತೆ.

"ಕೊಬ್ಬರಿಎಣ್ಣಿ ಹಚ್ಚಬೇಕಿತ್ತು ಆಯೀ, ಉರೀತಾವ," ಅಂದಳು ದಾನಮ್ಮ.

ಕಲ್ಲವ್ವ ಕೈ ಹಿಂದೆ ಎಳೆದುಕೊಂಡಳು. ಸ್ವಲ್ಪ ಹೊತ್ತು ಪಲ್ಲೆ ಬಿಡಿಸಿದಳು. ಆಮೇಲೆ ತಾನಾಗಿಯೇ ಶುರು ಮಾಡಿದಳು.

"ಅವರಿಬ್ಬರೂ ಸೀವುಡ್ಸಿಗಿ ಹೋಗಿದ್ರ, ಮಾಲ್ ನೋಡಾಕ. ನಳ ಇಲ್ಲ. ಟಾಕಿ ಖಾಲಿ. ಮನ್ಯಾಗ ಅಷ್ಟ ನೀರ ಸುಮ್ಮನ ನಿಂತಾವ. ನಾಳೆ ಮೋರಿಗಿ ಬಿಡ್ತೀವಿ ಅಂತ ನಿಮ್ಮ ಸಿದ್ದಪ್ಪನ ಹೇಳ್ಯಾನ. ಕೊಡಾ ಹೊತಗೊಂಡ ಎರಡ ಮೈಲ ನಡದಾಕಿ ನಾ. ಕಣ್ಣಾಗ ನೋಡಕೋತ ಕುಂಡರಲೇನ?"

"ಎಷ್ಟ ತಗೊಂಡ್ರಿ?"

"ಮೂರ ಬಕೀಟ. ಸುತಳಿ ದಾಟಲಿಲ್ಲ ತಂಗಿ, ಹೊರಗ ನಿಂತ ತೋಡಿದೆ." ಮುದುಕಿಯ ದನಿ ಇಳಿಯಿತು. "ಶಿವರಾಜಗ ಹೇಳಬ್ಯಾಡ. ಕೌದಿ ಗ್ಯಾಲರಿಗಿ ಹಾಕಬ್ಯಾಡ, ಸೊಸೈಟ್ಯಾಗ ಚಿಂದಿ ಆರಹಾಕಿದಂಗ ಕಾಣತೈತಿ ಅಂದಾನ. ಇನ್ನೊಮ್ಮೆ ಕಂಡ್ರ ಕಸದಾಗ ಒಗೀತೀನಿ ಅಂದಾನ. ನನ್ನವ್ವ ಹೊಲಿದ ಕೌದಿ ಅವು."

"ನಾ ಹೇಳಂಗಿಲ್ಲ ಆಯೀ. ನಾ ಇದ್ದರೂ ತಗೋತಿದ್ದೆ."

ಕೇಳಿದಿರಾ? ತನ್ನ ನೆಲ ಒಡೆಯುತ್ತಾರೆ, ತನಗೆ ಗೇಟು ಬಂದ್ ಆಗುತ್ತದೆ, ಕಾರಣ ಎದುರಿಗೇ ಪಲ್ಲೆ ಬಿಡಿಸುತ್ತ ಕುಳಿತಿದೆ, ಇವಳು ಹೇಳುವುದಿಲ್ಲವಂತೆ! ಆಕೆ ಹೊರಗೆ ಬಂದಾಗ ತೋಳು ಹಿಡಿದು ಕೇಳಿದೆ. "ಹುಚ್ಚು ಹಿಡದೈತೇನ ನಿನಗ?"

"ಇನ್ನೆರಡ ದಿನ ನೀರು ನಿಲ್ಸಿ ನೋಡ್ರಿ ಅಂತ ಕೇಳ್ತೀನಿ. ನೆಲ ಛಲೋ ಅದ, ತಾನೇ ಗೊತ್ತಾಗ್ತದ."

"ಆ ಮನಿಷ್ಯಾ ಒಪ್ಪಂಗಿಲ್ಲ!"

"ಕೇಳಿ ನೋಡಮು. ನೀ ಮಾತ್ರ ಬಾಯಿ ತಗೀಬ್ಯಾಡ, ನಿನ್ನ ಕಾಲ ಬೀಳ್ತೀನಿ."

ಆಕೆಯ ಮುಖ ಈಗ ಮುಂಜಾನೆಯ ಮುಖ ಆಗಿರಲಿಲ್ಲ. ತಪ್ಪು ತನ್ನ ಕೈಯದಲ್ಲ ಅಂತ ಗೊತ್ತಾಗಿ ಬೆನ್ನು ನೆಟ್ಟಗಾಗಿತ್ತು. ಅಷ್ಟೇ ಸಾಕಾಗಿತ್ತು ಆಕೆಗೆ. ನನಗೆ ಸಾಕಾಗಲಿಲ್ಲ.

ನಾಲ್ಕಕ್ಕೆ ಲೀಲಾಧರ ಬಂದರು. ಶಿವರಾಜನೂ ಆಫೀಸಿನಿಂದ ಅರ್ಧ ದಿನ ಹಾಕಿ ಬಂದಿದ್ದ. ದಾನಮ್ಮ ಕೈಮುಗಿದು ಇನ್ನೆರಡು ದಿನ ಕೇಳಿದಳು.

"ಆಗುದಿಲ್ಲ ಮಾರಾಯ್ತಿ. ಒಬ್ಬರಿಗೆ ಎರಡು ಸಲ ಕೊಟ್ರೆ ನಾಳೆ ಎಲ್ಲರೂ ಮೂರು ಸಲ ಕೇಳ್ತಾರೆ. ರೂಲ್ ಉಂಟು, ಸಹಿ ಉಂಟು."

ಶಿವರಾಜ ಕೈ ಝಾಡಿಸಿದ. "ಜಾವೂ ದ್ಯಾ, ಬಿಡ್ರಿ ಅತ್ಲಾಗ. ಒಡದ ಹಾಕ್ರಿ ಕಾಕಾ, ರೋಜ್‌ಕಾ ಕಟಕಟಿ ಯಾಕ. ಬೇರೆ ಮೇಸ್ತ್ರೀನ ತರ್ತೀನಿ. ಗಂಡಸ ಮೇಸ್ತ್ರಿ."

ಅಲ್ಲಿಗೆ ನನ್ನ ಹಗ್ಗ ಹರಿಯಿತು.

"ಬೇರೆ ಮೇಸ್ತ್ರಿ? ಮೊದಲ ನಿಮ್ಮವ್ವನ್ನ ಕೇಳೋ! ಆ ಮುದುಕಿ ಮೂರ ಬಕೀಟ ನೀರ ತೋಡಿ ಕೌದಿ ಒಗದಾಳ! ಹೋಗಿ ನೋಡ ಗ್ಯಾಲರ್‍ಯಾಗ, ಸಿಮೆಂಟ್ ಹಿಡದ ಬೆಳ್ಳಗ ಆಗ್ಯಾವ! ನೆಲ ಸೋರಿಲ್ಲ, ನಿನ್ನ ಮನಿ ಸೋರೇತಿ!"

ಮೆಟ್ಟಿಲ ಮೇಲಿದ್ದ ಜನವೆಲ್ಲ ಬಾಗಿಲಿಗೆ ಬಂದರು. ಶಿವರಾಜ ಗ್ಯಾಲರಿಗೆ ಹೋಗಿ ಬಂದ. ಅವನ ಮುಖ ಕೆಂಪಾಗಿತ್ತು. "ಅವ್ವಾ! ನಿನಗ ಒಮ್ಮೆ ಹೇಳಿದ್ರ ತಿಳಿಯಂಗಿಲ್ಲೇನ? ಹಳ್ಳಿ ಗುಣಾ ಹೋಗೂದಿಲ್ಲ ನಿಂದು! ನಾಲ್ಕ ಮಂದಿ ಮುಂದ ಮರ್ಯಾದಿ ತಗದಿ!" ಹೀಗೆ, ಅಷ್ಟು ಜನರ ಮುಂದೆ. ಕಲ್ಲವ್ವ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಳು.

ಅಷ್ಟಾಗಿ ಲೀಲಾಧರ ಏನೆಂದರು ಗೊತ್ತೇ? "ಈಗ ಅಜ್ಜಿಯ ಮೇಲೆ ಹಾಕುದಾ? ಸುತ್ತಿಗೆ ಕಂಡ ಮೇಲೆ ಕಥೆ ಹುಟ್ಟಿತಾ? ಬಟ್ಟೆಗೆ ಸಿಮೆಂಟು ಹಿಡಿದರೆ ನೆಲ ಸೋರುದಿಲ್ಲ ಅಂತ ಹೇಗೆ?"

ನಾನು ಮುದುಕಿಯ ಮಾನ ತೆಗೆದದ್ದೂ ಆಯಿತು, ಕೆಲಸಕ್ಕೂ ಬರಲಿಲ್ಲ. ದಾನಮ್ಮ ನನ್ನ ಕಡೆ ಒಮ್ಮೆ ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕಲ್ಲವ್ವ ಒಳಗೆ ಹೋದಳು. ಅಳಲಿಕ್ಕೆ ಹೋದಳು ಅಂದುಕೊಂಡೆ. ಕೆಂಪು ಬಕೆಟ್ಟು ಹಿಡಿದು ಹೊರಗೆ ಬಂದಳು, ತುಂಬಿದ್ದು. ಮೈ ಒಂದು ಕಡೆಗೆ ವಾಲಿತ್ತು. ದಾನಮ್ಮ ಹಿಡಿಯಲಿಕ್ಕೆ ಹೋದರೆ "ಬಿಡು" ಅಂದಳು.

"ಇದ ಬಕೀಟ. ಇದರಾಗ ತಗೊಂಡೀನಿ. ತಗೊಂಡಷ್ಟ ಹಾಕ್ತೀನಿ. ಗೆರಿ ಮುಟ್ಟಿದ್ರ ನಾ ಕಳ್ಳಿ, ಈಕಿ ಕೆಲಸ ಖರೇ. ಮುಟ್ಟಲಿಲ್ಲಂದ್ರ ಒಡೀರಿ. ನೀವ ನೋಡ್ರಿ, ಕನ್ನಡಕದವರ."

ಸುತಳಿಯ ಹೊರಗೆ ನಿಂತು ಮೊದಲನೆಯದನ್ನು ಸುರಿದಳು. ನೀರು ಗೋಡೆಯಿಂದ ಗೋಡೆಗೆ ತೂಗಾಡಿತು. ಲೀಲಾಧರ ಮಂಡಿಯೂರಿ ಪಟ್ಟಿ ಹಿಡಿದರು. ಎರಡನೆಯದಕ್ಕೆ ಶಿವರಾಜ "ನಾ ತರ್ತೀನಿ ಕೊಡು" ಅಂತ ಕೈಚಾಚಿದ. ಮುದುಕಿ ಅವನನ್ನು ದಾಟಿ ಹೋಗಿ ತಾನೇ ತುಂಬಿ ತಂದಳು. ಮೂರನೆಯದನ್ನು ಸುರಿದು ಬಕೆಟ್ಟು ಬೋರಲು ಹಾಕಿ ಕೊನೆಯ ಹನಿಯವರೆಗೆ ಝಾಡಿಸಿದಳು. ನೀರಿನ ತೂಗಾಟ ನಿಲ್ಲುವವರೆಗೆ ಕಾದೆವು.

ನೀರು ಪೆನ್ಸಿಲ್ ಗೆರೆಗೆ ಬಂದು ನಿಂತಿತ್ತು.

ಲೀಲಾಧರ ಕೆನ್ನೆ ನೆಲಕ್ಕೆ ಹಚ್ಚಿ ನೋಡಿದರು. "ಕೂದಲೆಳೆಯಷ್ಟು ಕಡಿಮೆ ಉಂಟು."

"ಒಂದ ಚೊಂಬು ಕಾಲ ತೊಳಕೊಂಡಿದ್ದೆ," ಅಂದಳು ಕಲ್ಲವ್ವ. "ಅದನ್ನೂ ಹಾಕ್ಲೇನ?"

ಯಾರೋ ಮೆಟ್ಟಿಲ ಮೇಲೆ ನಕ್ಕರು. ಲೀಲಾಧರ ಎದ್ದು ಮೊಣಕಾಲು ಝಾಡಿಸಿಕೊಂಡರು, ನಗಲಿಲ್ಲ. "ನಾಳೆ ಹತ್ತು ಗಂಟೆಯವರೆಗೆ ಹೀಗೇ ಇರಲಿ. ಬಾಗಿಲಿಗೆ ಬೀಗ, ಬೀಗದ ಕೈ ನನ್ನ ಹತ್ರ. ಇಳೀಲಿಲ್ಲ ಅಂದ್ರೆ ಪಾಸ್."

ಮಂಗಳವಾರ ಹತ್ತಕ್ಕೆ ಬೀಗ ತೆಗೆದರು. ಗೆರೆಯ ಹತ್ತಿರ ಪಟ್ಟಿ ಹಿಡಿದು ಬಹಳ ಹೊತ್ತು ನೋಡಿದರು. ಮುಕ್ತಾಬಾಯಿಯ ತಾರಸಿಯನ್ನು ತಾವೇ ಸ್ಟೂಲು ಹತ್ತಿ ಮುಟ್ಟಿದರು. ಕೊನೆಗೆ ಫಾರ್ಮು ತೆಗೆದು 'ಪಾಸ್' ಅಂತ ಬರೆದರು. ಸಹಿಯ ಜಾಗ ತೋರಿಸಿ ಪೆನ್ನನ್ನು ನನ್ನ ಕಡೆ ಚಾಚಿದರು, ರೂಢಿ ನೋಡಿ! ನಾನು ಬಾಯಿ ತೆರೆಯುವುದರೊಳಗೆ ತಾವೇ ಕೈ ತಿರುಗಿಸಿದರು. ದಾನಮ್ಮ ಒಂದೊಂದೇ ಅಕ್ಷರ ಕೊರೆದಳು. ಲೀಲಾಧರ ಆ ಹೆಸರನ್ನು ನೋಡಿ ಗೇಟಿನ ಪಟ್ಟಿಗೆ ಇಳಿಸಿದರು.

ನಾನು ಪೇಡಾ ತಂದೆ. ಆಕೆ ಮುಟ್ಟಲಿಲ್ಲ.

ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಆಕೆಯೇ ನಿಂತಳು. "ನೀ ನನ್ನ ನೆಲ ಉಳಿಸಿಲ್ಲ, ಸಿದ್ದಣ್ಣ. ಆಯಿ ಉಳಿಸ್ಯಾಳ. ನೀ ಆಕಿ ಮಾನ ಕಳದಿ, ಅಷ್ಟೇ."

"ನಿನ್ನ ಸಲುವಾಗಿ ಒದರಿದೆನಲ್ಲ!"

"ನಾ ಒದರು ಅಂದಿದ್ದೆ ಏನ್? ಒದರಬ್ಯಾಡ ಅಂತ ಕಾಲ ಬಿದ್ದಿದ್ದೆ. ನಿನಗ ಸಿಟ್ಟ ಬಂದಿತ್ತು, ನೀ ನಿನ್ನ ಸಲುವಾಗಿ ಒದರದಿ."

ಟ್ರೇನು ಬಂತು, ಆಕೆ ಹೆಂಗಸರ ಡಬ್ಬಿ ಹತ್ತಿ ಹೋದಳು. ಹದಿನೈದು ದಿನ ಫೋನು ಎತ್ತಲಿಲ್ಲ. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಮನೆಯಲ್ಲಿ ನಳ ಬಿಗಿ ಮಾಡುವಾಗ ಅದರ ತಿರುಪಿನ ಚೂಡಿಯೇ ಮುರಿಯಿತು. ಆಕೆಯ ಮಾತಿಗೆ ಉತ್ತರ ಹುಡುಕಿದೆ. ಹದಿನೈದು ದಿನವೂ ಹುಡುಕಿದೆ. ಸಿಗಲಿಲ್ಲ. ಅದಕ್ಕೆ ಇನ್ನೂ ಸಿಟ್ಟು ಬಂತು.

ಹದಿನಾರನೆಯ ದಿನ ಸೈದಪ್ಪ ಫೋನು ಮಾಡಿದ. ಮುಕ್ತಾಬಾಯಿ ತನ್ನ ಬಚ್ಚಲು ಒಡೆಸುತ್ತಾಳಂತೆ, ದಾನಮ್ಮ ಮೇಸ್ತ್ರಿಯೇ ಬೇಕು ಅಂದಿದ್ದಾಳಂತೆ. ಪೈಪಿನ ಕೆಲಸಕ್ಕೆ ಒಬ್ಬ ಬೇಕು. "ಮೂರನೇ ಮಾಳಗಿ ಆಯಿ ಕಡಿ ಹೋಗಿ ಬಂದ್ರ ಎರಡನೇ ಮಾಳಗಿಗಿ ಬಾ ಅಂದಾಳಪಾ ನಮ್ಮಾಕಿ. ಇಲ್ಲಂದ್ರ ಘಣಸೋಲಿ ಪ್ಲಂಬರನ್ನ ಕರೀತಾಳಂತ."

ನಾನು ಹೋದೆ. ಹಲ್ಲು ಕಡಿಯುತ್ತಲೇ ಮೂರು ಮಹಡಿ ಹತ್ತಿದೆ. ಕಲ್ಲವ್ವ ಬಾಗಿಲು ತೆಗೆದಳು. ಹೊಸ ಬಚ್ಚಲು ಟೈಲ್ಸ್ ಹಾಕಿ ಹೊಳೆಯುತ್ತಿತ್ತು. ಗ್ಯಾಲರಿಯ ಹಗ್ಗದ ಮೇಲೆ ಏನೂ ಇರಲಿಲ್ಲ.

"ಒದರಾಕ ಬಂದೀಯೇನ?" ಅಂದಳು.

"ಇಲ್ಲ ಆಯೀ. ತಪ್ಪಾತು ಅನ್ನಾಕ ಬಂದೀನಿ."

"ಮಗ ಎರಡ ದಿವಸ ಮಾತಾಡಲಿಲ್ಲ. ಮೂರನೇ ದಿವಸ ಮಾತಾಡಿದ. ಅದಕ್ಕೂ ಎರಡ ದಿವಸ ಉತ್ತರ ಕೊಡಲಿಲ್ಲ ನಾ." ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ತಪ್ಪಾತು ಅಂತ ಬಾಯಿಲೆ ಅಂದ್ರ ಏನ ಬಂತು? ಅಡಗಿಮನಿ ನಳ ಸೋರಾಕತ್ತೇತಿ. ಅದನ್ನ ಮಾಡ ಮೊದಲ."

ಮಾಡಿದೆ. ಆಕೆ ತಲೆಯ ಮೇಲೆ ನಿಂತು ಮಾಡಿಸಿದಳು.

ಮರುದಿನ ಮುಕ್ತಾಬಾಯಿಯ ಕೆಲಸಕ್ಕೆ ಪೈಪು ಹೊತ್ತು ಗೇಟಿಗೆ ಬಂದೆ. ವಾಚ್‌ಮನ್ ರಜಿಸ್ಟರು ತಿರುವಿದ. "ಪ್ಲಂಬರ್? ಲಿಸ್ಟ್ ಮೇ ನಾಮ್ ನಹೀ ಹೈ." ಮೂವತ್ತು ವರ್ಷ ಈ ಊರಿನಲ್ಲಿ ಪೈಪು ಹಾಕಿದವನಿಗೆ, ಪಟ್ಟಿಯಲ್ಲಿ ಹೆಸರಿಲ್ಲ! ರಕ್ತ ತಲೆಗೇರಿತು. ಅವನ ರಜಿಸ್ಟರು ಹರಿಯಬೇಕು ಅನಿಸಿತು. ಎರಡನೆಯ ಮಹಡಿಯ ಕಿಟಕಿಯಿಂದ ಇಟ್ಟಿಗೆ ಒಡೆಯುವ ಸದ್ದು ಬರುತ್ತಿತ್ತು. ಆಕೆ ಆಗಲೇ ಶುರು ಮಾಡಿದ್ದಳು. ನನಗೆ ತಡವಾದರೆ ಜಾಲಿಯ ಪೈಪು ಕೂರುವ ಮೊದಲೇ ಮಾಲು ಗಟ್ಟಿಯಾಗುತ್ತದೆ.

"ಕಿಸ್‌ಕೆ ಸಾಥ್ ಹೋ?" ಅಂದ ವಾಚ್‌ಮನ್, ಪೆನ್ನು ಹಿಡಿದು. ಯಾರ ಜೊತೆಗೆ ಬಂದಿದ್ದೀ ಅಂತ.

"ದಾನಮ್ಮ ಮೇಸ್ತ್ರಿ," ಅಂದೆ. "ಅವರ ಕಡೆಯವ."